ಬೆಳಗಿನ ಏಳಕ್ಕೆ ಒಂದು ಗಂಟೆಯಾಗುವ ಊರು

ಕೆಲಸದ ಮೇಲೆ ಮೂರು ವಾರ ಅಡಿಸ್ ಅಬಾಬಾಕ್ಕೆ ಹೋಗ್ತಿದ್ದೀನಿ ಅಂದಾಗ ಅಮ್ಮ ಎರಡು ಕೆಜಿ ಅವಲಕ್ಕಿ, ಒಂದು ಡಬ್ಬ ಚಟ್ನಿಪುಡಿ, ಸಾಲದ್ದಕ್ಕೆ ಹುರಿಹಿಟ್ಟು ಕಟ್ಟಿಟ್ಟಳು. "ಅಲ್ಲಿ ಅವರಿಗೇ ತಿನ್ನಕ್ಕೆ ಇಲ್ವಂತೆ, ನಿಂಗೇನು ಕೊಡ್ತಾರೋ" ಅನ್ನೋದು ಅವಳ ಚಿಂತೆ. ದೊಡ್ಡಪ್ಪ ಫೋನ್ ಮಾಡಿ "ಕರೆಂಟು ಗಿರೆಂಟು ಇರತ್ತೇನೋ ಅಲ್ಲಿ?" ಅಂದ್ರು. ಆಫೀಸಿನ ಗೆಳೆಯನೊಬ್ಬ "ಸಿಂಹದ ಫೋಟೊ ಹಾಕೋದು ಮರೀಬೇಡ" ಅಂದ. ಸಿಂಹ ಕಂಡದ್ದು ನಿಜ, ಸಿಟಿ ಬಸ್ಸಿನ ಮೇಲೆ. ಅಲ್ಲಿನ ನಗರ ಸಾರಿಗೆ ಸಂಸ್ಥೆಗೆ ಇದ್ದ ಹೆಸರೇ 'ಅನ್ಬೆಸ್ಸಾ', ಅಂದ್ರೆ ಸಿಂಹ :)

ಪ್ರವಾಸ ಕಥನ ಬರೆಯೋ ಉದ್ದೇಶ ನನಗಿಲ್ಲ. ಆ ಊರಲ್ಲಿ ದಿನಬೆಳಗಾದರೆ ಎದುರಾಗೋ ಸಣ್ಣಪುಟ್ಟ ಸಂಗತಿಗಳಿಗೆ, ಗಡಿಯಾರಕ್ಕೆ, ಕ್ಯಾಲೆಂಡರಿಗೆ, ಬಸ್ ಸ್ಟಾಪಿನ ಹೆಸರಿಗೆ, ಎಷ್ಟು ಇತಿಹಾಸ ಅಂಟಿಕೊಂಡಿದೆ ಅನ್ನೋದನ್ನ ಹೇಳಬೇಕು ಅನ್ನಿಸಿತು.

ಮೊದಲು ಅಮ್ಮನ ಅವಲಕ್ಕಿಯ ವಿಷಯ. ಅವಳ ತಲೆಯಲ್ಲಿರೋ ಚಿತ್ರಕ್ಕೆ ಒಂದು ತಾರೀಖಿದೆ. 1984ರ ಅಕ್ಟೋಬರ್‌ನಲ್ಲಿ ಬಿಬಿಸಿ ಉತ್ತರ ಇಥಿಯೋಪಿಯಾದ ಕೊರೆಮ್ ಅನ್ನೋ ಊರಿನಿಂದ ಬರಗಾಲದ ವರದಿ ತೋರಿಸಿತು. ಮೂಳೆ ಚಕ್ಕಳವಾದ ಮಕ್ಕಳ ಆ ದೃಶ್ಯಗಳು ಜಗತ್ತನ್ನೆಲ್ಲ ಸುತ್ತಿದವು. ಬರ ಸುಳ್ಳಲ್ಲ. ಸತ್ತವರ ಅಂದಾಜು ನಾಲ್ಕು ಲಕ್ಷದಿಂದ ಹತ್ತು ಲಕ್ಷದವರೆಗೂ ಇದೆ. ಮಳೆ ಕೈಕೊಟ್ಟದ್ದಷ್ಟೇ ಅದಕ್ಕೆ ಕಾರಣ ಅಲ್ಲ, 'ದೆರ್ಗ್' ಅನ್ನೋ ಸೇನಾ ಸರ್ಕಾರ ಉತ್ತರದಲ್ಲಿ ನಡೆಸುತ್ತಿದ್ದ ಯುದ್ಧವೂ ಕಾರಣ. ಆ ವರದಿಗೆ ಒಂದು ತಿಂಗಳ ಮುಂಚೆ, ಸೆಪ್ಟೆಂಬರ್‌ನಲ್ಲಿ, ಅದೇ ಸರ್ಕಾರ ಅಡಿಸ್‌ನಲ್ಲಿ ತನ್ನ ಕ್ರಾಂತಿಯ 10ನೇ ವರ್ಷದ ಉತ್ಸವವನ್ನ ಭರ್ಜರಿಯಾಗಿ ಮಾಡಿಕೊಂಡಿತ್ತು.

ಆಮೇಲೆ ಬ್ರಿಟನ್ನಿನ ಹಾಡುಗಾರರೆಲ್ಲ ಸೇರಿ ದುಡ್ಡು ಎತ್ತಲಿಕ್ಕೆ ಒಂದು ಹಾಡು ಮಾಡಿದರು. ಇದು ಕ್ರಿಸ್‌ಮಸ್ ಅಂತ ಅವರಿಗೆ ಗೊತ್ತಾ ಅನ್ನೋದೇ ಅದರ ಶೀರ್ಷಿಕೆ. ದುಡ್ಡು ಬಂತು, ಜೀವಗಳೂ ಉಳಿದವು, ಅದನ್ನ ಅಲ್ಲಗಳೆಯೋದು ಬೇಡ. ಆದರೆ ಪ್ರಶ್ನೆ ನೋಡಿ! ಅಕ್ಸುಮ್‌ನ ದೊರೆ ಎಜಾನಾ ಕ್ರೈಸ್ತ ಮತಕ್ಕೆ ಸೇರಿದ್ದು ನಾಲ್ಕನೇ ಶತಮಾನದಲ್ಲಿ. ಇಂಗ್ಲೆಂಡಿನ ಕೆಂಟ್‌ಗೆ ಪೋಪ್ ಕಳಿಸಿದ ಅಗಸ್ಟೀನ್ ಬಂದಿಳಿದದ್ದು 597ರಲ್ಲಿ. ಕ್ರಿಸ್‌ಮಸ್ ಯಾರು ಯಾರಿಗೆ ಹೇಳಿಕೊಡಬೇಕಿತ್ತು? ಅಲ್ಲಿ ಅದರ ಹೆಸರು 'ಗೆನ್ನಾ', ಜನವರಿ 7ಕ್ಕೆ ಬರುತ್ತೆ.

ಜನವರಿ ಏಳಕ್ಕೆ ಯಾಕೆ? ಅವರ ಪಂಚಾಂಗ ಬೇರೆ. ನನ್ನಂಥ ಸಾಫ್ಟ್‌ವೇರ್ ಕೂಲಿಗೆ ಇತಿಹಾಸದ ಪಾಠ ಶುರುವಾದದ್ದೇ ಅಲ್ಲಿಂದ. ನಾವು ಕೂರಿಸಬೇಕಿದ್ದ ತಂತ್ರಾಂಶದಲ್ಲಿ ತಿಂಗಳು ಆರಿಸೋ ಪಟ್ಟಿಗೆ ಹದಿಮೂರು ಸಾಲು ಬೇಕು. ಮೂವತ್ತು ದಿನದ ಹನ್ನೆರಡು ತಿಂಗಳು, ಕೊನೆಗೆ 'ಪಾಗುಮೆ' ಅನ್ನೋ ಐದು ದಿನದ ಪುಟ್ಟ ತಿಂಗಳು, ನಾಲ್ಕು ವರ್ಷಕ್ಕೊಮ್ಮೆ ಆರು ದಿನ. ವರ್ಷದ ಲೆಕ್ಕ ನಮಗಿಂತ ಏಳೆಂಟು ಹಿಂದೆ. ಇಡೀ ಪ್ರಪಂಚ ವೈ2ಕೆ ಅಂತ ಬೆವರಿ ಏಳು ವರ್ಷ ಕಳೆದ ಮೇಲೆ, 2007ರ ಸೆಪ್ಟೆಂಬರ್ 12ರಂದು, ಅಡಿಸ್‌ನ ಜನ 2000ನೇ ಇಸವಿಯನ್ನ ಪಟಾಕಿ ಹೊಡೆದು ಬರಮಾಡಿಕೊಂಡರು. ಅವರ ಯುಗಾದಿಗೆ 'ಎನ್ಕುತಾತಶ್' ಅಂತ ಹೆಸರು. ಮಳೆಗಾಲ ಮುಗಿದು ಗುಡ್ಡದ ತುಂಬ ಹಳದಿ ಹೂವು ಬಿಡೋ ಕಾಲ ಅದು.

ಗಡಿಯಾರ ಇನ್ನೂ ಚೆಂದ. ದಿನ ಶುರುವಾಗೋದು ಸೂರ್ಯ ಹುಟ್ಟಿದಾಗ, ಹಾಗಾಗಿ ನಮ್ಮ ಬೆಳಗಿನ ಏಳು ಅವರ ಒಂದು ಗಂಟೆ. "ನಾಳೆ ಮೂರು ಗಂಟೆಗೆ ಮೀಟಿಂಗ್" ಅಂದ್ರೆ ಬೆಳಿಗ್ಗೆ ಒಂಬತ್ತಕ್ಕೆ ಹಾಜರಿರಬೇಕು. ಸಮಭಾಜಕ ವೃತ್ತಕ್ಕೆ ಹತ್ತಿರದ ನಾಡು, ವರ್ಷವಿಡೀ ಹೊತ್ತು ಹುಟ್ಟೋದು ಮುಳುಗೋದು ಹೆಚ್ಚುಕಮ್ಮಿ ಒಂದೇ ಸಮಯಕ್ಕೆ, ಆದ್ದರಿಂದ ಈ ಲೆಕ್ಕ ಸರಿಯಾಗಿ ಕೂರುತ್ತೆ. ನಿಜ ಹೇಳಬೇಕಂದ್ರೆ ಮಧ್ಯರಾತ್ರಿ ಎಲ್ಲರೂ ಗೊರಕೆ ಹೊಡೀತಿರೋವಾಗ ದಿನ ಬದಲಾಗೋದೇ ವಿಚಿತ್ರ. ನಮ್ಮ ಅಜ್ಜಂದಿರೂ ಸೂರ್ಯೋದಯದಿಂದಲೇ ಘಳಿಗೆ ಎಣಿಸ್ತಿದ್ದರು, ಪಂಚಾಂಗದಲ್ಲಿ ಈಗಲೂ ಹಾಗೇ ಇದೆ. ವ್ಯತ್ಯಾಸ ಇಷ್ಟೆ: ನಮ್ಮಲ್ಲಿ ಅದು ಪುರೋಹಿತರ ಕೈಚೀಲ ಸೇರಿತು, ಅಲ್ಲಿ ಬಸ್ ಕಂಡಕ್ಟರನ ಬಾಯಲ್ಲಿ ಉಳೀತು.

ಯಾಕೆ ಉಳೀತು? ಚರ್ಚು ಅದನ್ನ ಕಾಪಾಡಿಕೊಂಡು ಬಂತು ಅನ್ನೋದು ಒಂದು ಉತ್ತರ. ಹೊರಗಿನವರು ಬಂದು ಬದಲಾಯಿಸುವಷ್ಟು ಕಾಲ ನಿಲ್ಲಲಿಲ್ಲ ಅನ್ನೋದು ಇನ್ನೊಂದು. ಈ ಎರಡನೆಯದನ್ನ ಅಡಿಸ್‌ನಲ್ಲಿ ಟ್ಯಾಕ್ಸಿ ಡ್ರೈವರಿಂದ ಹಿಡಿದು ಬ್ಯಾಂಕ್ ಮ್ಯಾನೇಜರವರೆಗೆ ಯಾರನ್ನ ಕೇಳಿದರೂ ಒಂದೇ ಪದದಲ್ಲಿ ಹೇಳ್ತಾರೆ: ಅದ್ವಾ.

ಅದ್ವಾ ಯುದ್ಧದ ಮೂಲ ಒಂದು ಅನುವಾದದ ತಕರಾರು. 1889ರಲ್ಲಿ ಚಕ್ರವರ್ತಿ ಎರಡನೇ ಮೆನೆಲಿಕ್ ಮತ್ತು ಇಟಲಿ ನಡುವೆ ವುಚಾಲೆ ಅನ್ನೋ ಕಡೆ ಒಪ್ಪಂದ ಆಯಿತು, ಎರಡು ಭಾಷೆಯಲ್ಲಿ. 17ನೇ ಕಲಮು ಅಮ್ಹಾರಿಕ್ ಪ್ರತಿಯಲ್ಲಿ ಹೇಳಿದ್ದು, ಬೇರೆ ದೇಶಗಳ ಜೊತೆ ವ್ಯವಹರಿಸುವಾಗ ಮೆನೆಲಿಕ್ ಬೇಕಾದರೆ ಇಟಲಿಯ ನೆರವು ಪಡೆಯಬಹುದು ಅಂತ. ಇಟಾಲಿಯನ್ ಪ್ರತಿಯಲ್ಲಿ ಅದು ಇಟಲಿಯ ಮೂಲಕವೇ ವ್ಯವಹರಿಸತಕ್ಕದ್ದು ಅಂತ ಆಗಿತ್ತು. 'ಬಹುದು' ಮತ್ತು 'ತಕ್ಕದ್ದು'! ಇಟಲಿ ತನ್ನ ಪ್ರತಿ ಹಿಡಿದುಕೊಂಡು, ಇಥಿಯೋಪಿಯಾ ನಮ್ಮ ರಕ್ಷಣೆಯಲ್ಲಿರೋ ನಾಡು ಅಂತ ಯೂರೋಪಿನಲ್ಲೆಲ್ಲ ಡಂಗುರ ಹೊಡೆಯಿತು. ಮೆನೆಲಿಕ್ 1893ರಲ್ಲಿ ಒಪ್ಪಂದವನ್ನೇ ತಿರಸ್ಕರಿಸಿದ. ರಾಣಿ ತಾಯ್ತು ಈ ವಿಷಯದಲ್ಲಿ ಗಂಡನಿಗಿಂತ ಖಡಕ್ಕು. ಯುದ್ಧಕ್ಕೆ ಸ್ವಂತ ಪಡೆ ಕಟ್ಟಿಕೊಂಡು ಹೋದಳು, ಮೆಕೆಲೆ ಕೋಟೆಯಲ್ಲಿ ಕೂತಿದ್ದ ಇಟಲಿಯ ದಂಡಿಗೆ ನೀರು ಬರೋ ಜಾಗವನ್ನ ಅವಳ ಜನ ಹಿಡಿದುಕೊಂಡರು.

1896ರ ಮಾರ್ಚ್ 1ರಂದು ಅದ್ವಾ ಬೆಟ್ಟಗಳಲ್ಲಿ ನಿರ್ಣಾಯಕ ಕಾಳಗ. ಜನರಲ್ ಬರತಿಯೇರಿಯ ಕಡೆ 17-18 ಸಾವಿರ ಜನ, ಅದರಲ್ಲಿ ಎರಿಟ್ರಿಯಾದ ಸಿಪಾಯಿಗಳೂ ಇದ್ದರು. ಮೆನೆಲಿಕ್ ಕಡೆ ಒಂದು ಲಕ್ಷದ ಹತ್ತಿರ, ದೇಶದ ಎಲ್ಲ ಕಡೆಯಿಂದ ಬಂದವರು. ಮಧ್ಯಾಹ್ನದೊಳಗೆ ಇಟಲಿಯ ಸೈನ್ಯ ಚೆಲ್ಲಾಪಿಲ್ಲಿ. ಅದೇ ತಿಂಗಳು ರೋಮ್‌ನಲ್ಲಿ ಪ್ರಧಾನಿ ಕ್ರಿಸ್ಪಿಯ ಸರ್ಕಾರ ಬಿತ್ತು. ಅಕ್ಟೋಬರ್‌ನಲ್ಲಿ ಇಟಲಿಯವರು ಅಡಿಸ್ ಅಬಾಬಾಕ್ಕೇ ಬಂದು, ಇಥಿಯೋಪಿಯಾ ಸ್ವತಂತ್ರ ರಾಷ್ಟ್ರ ಅಂತ ಸಹಿ ಹಾಕಿ ಹೋದರು.

ಇಲ್ಲೊಂದು ಕ್ಯಾಲೆಂಡರ್ ಚೋದ್ಯ. ಅವರ ಪಂಚಾಂಗದಲ್ಲಿ ಆ ದಿನ 'ಯೆಕಾತಿತ್ 23'. ಈಗ ಅದ್ವಾ ದಿನಾಚರಣೆ ಬರೋದು ಮಾರ್ಚ್ 2ಕ್ಕೆ. ಒಂದು ದಿನ ಎಲ್ಲಿ ಹೋಯ್ತು? 1900 ನಮ್ಮ ಕ್ಯಾಲೆಂಡರಿನಲ್ಲಿ ಅಧಿಕ ವರ್ಷ ಅಲ್ಲ, ಅವರದರಲ್ಲಿ ನಾಲ್ಕು ವರ್ಷದ ಲೆಕ್ಕ ತಪ್ಪೋದೇ ಇಲ್ಲ. ಜಾರಿದವರು ನಾವು, ಅವರು ಯೆಕಾತಿತ್ 23ರಲ್ಲೇ ಇದ್ದಾರೆ.

ಅಡಿಸ್ ಅಬಾಬಾ ಆಗ ಇನ್ನೂ ಹತ್ತು ವರ್ಷದ ಕೂಸು. ಮೆನೆಲಿಕ್ ಮೊದಲು ಎಂತೊತ್ತೊ ಬೆಟ್ಟದ ಮೇಲಿದ್ದ, ಅಲ್ಲಿ ಮೈಕೊರೆಯುವ ಚಳಿ. ಕೆಳಗೆ ಫಿಲ್ವೊಹಾ ಅನ್ನೋ ಕಡೆ ಬಿಸಿನೀರಿನ ಬುಗ್ಗೆಗಳು. ತಾಯ್ತುಗೆ ಆ ಜಾಗ ಹಿಡಿಸಿತು, 1886ರಲ್ಲಿ ಅಲ್ಲಿ ಮನೆ ಕಟ್ಟಿಸಿಕೊಂಡು 'ಹೊಸ ಹೂವು' ಅಂತ ಹೆಸರಿಟ್ಟಳು. ಅಡಿಸ್ ಅಂದ್ರೆ ಹೊಸ, ಅಬಾಬಾ ಅಂದ್ರೆ ಹೂವು. ಹಳೆ ಪೇಟೆಯಲ್ಲಿ ಅವಳು ಕಟ್ಟಿಸಿದ ಹೋಟೆಲ್ ಇದೆ, ಊರಿನ ಮೊಟ್ಟಮೊದಲ ಹೋಟೆಲ್ ಅಂತ ಅದರ ಖ್ಯಾತಿ. ಆದರೆ ಊರು ಬೆಳೀತಾ ಸುತ್ತಲಿನ ಕಾಡು ಸೌದೆಗೆ ಖಾಲಿಯಾಯಿತು. 1900ರ ಸುಮಾರಿಗೆ ಮೆನೆಲಿಕ್ ರಾಜಧಾನಿಯನ್ನೇ ಅಡಿಸ್ ಆಲೆಮ್ ಅನ್ನೋ ಕಡೆಗೆ ಎತ್ತಿಕೊಂಡು ಹೋಗಲು ಹೊರಟಿದ್ದ. ಊರನ್ನ ಉಳಿಸಿದ್ದು ಆಸ್ಟ್ರೇಲಿಯಾದಿಂದ ತರಿಸಿದ ನೀಲಗಿರಿ ಮರ. ಬೇಗ ಬೆಳೀತು, ಸೌದೆ ಸಿಕ್ತು, ಊರು ಇದ್ದಲ್ಲೇ ಉಳೀತು. ಅವರು ಅದನ್ನ 'ಬಾಹಿರ್ ಜಾಫ್' ಅಂತಾರೆ, ಕಡಲಾಚೆಯ ಮರ. ನೀಲಗಿರಿ ನೆಟ್ಟು ಅಂತರ್ಜಲ ಬತ್ತಿಹೋಯ್ತು ಅಂತ ಗೊಣಗೋ ಕೋಲಾರದ ಕಡೆಯವರಿಗೆ ಈ ಕಥೆ ರುಚಿಸಲಿಕ್ಕಿಲ್ಲ!

ಅದ್ವಾದ ಅವಮಾನವನ್ನ ಇಟಲಿ ನಲವತ್ತು ವರ್ಷ ಮರೆಯಲಿಲ್ಲ. 1935ರಲ್ಲಿ ಮುಸೊಲಿನಿ ವಿಮಾನ, ವಿಷಾನಿಲ ಎಲ್ಲ ತೆಗೆದುಕೊಂಡು ಬಂದ. 1936ರ ಮೇ 5ಕ್ಕೆ ಅಡಿಸ್ ಬಿತ್ತು. ಸೇಂಟ್ ಜಾರ್ಜ್ ಚರ್ಚಿನ ಹತ್ತಿರ ಕುದುರೆ ಏರಿದ ಮೆನೆಲಿಕ್‌ನ ಪ್ರತಿಮೆಯನ್ನ ಕಿತ್ತುಹಾಕಿದರು. ಊರನ್ನ ಬಣ್ಣದ ಮೇಲೆ ಭಾಗ ಮಾಡಿದರು: ಚರ್ಚಿನ ಸುತ್ತಲಿನ ಹಳೆ ಸಂತೆ ಬಯಲು ಬಿಳಿಯರಿಗೆ, ಅದು 'ಪಿಯಾಸಾ'. ಅಲ್ಲಿದ್ದ ಸ್ಥಳೀಯ ವ್ಯಾಪಾರಿಗಳು ಪಶ್ಚಿಮಕ್ಕೆ, ಅದು 'ಮೆರ್ಕಾತೊ'. ಬೆಂಗಳೂರಿನ ಪೇಟೆ ಮತ್ತು ದಂಡು ನೆನಪಾಗದೆ ಇರುತ್ತಾ?

1937ರ ಫೆಬ್ರವರಿ 19, ಅವರ ಯೆಕಾತಿತ್ 12. ವೈಸರಾಯ್ ಗ್ರಾತ್ಸಿಯಾನಿಯ ಮೇಲೆ ಇಬ್ಬರು ಯುವಕರು ಬಾಂಬ್ ಎಸೆದರು. ಅವನು ಬದುಕಿದ. ಮುಂದಿನ ಮೂರು ದಿನ ಕಪ್ಪು ಅಂಗಿಯ ಫ್ಯಾಸಿಸ್ಟರು ಅಡಿಸ್‌ನ ಬೀದಿಗಳಲ್ಲಿ ಸಿಕ್ಕಸಿಕ್ಕವರನ್ನ ಕೊಂದರು, ಗುಡಿಸಲಿಗೆ ಬೆಂಕಿಯಿಟ್ಟರು. ಇಥಿಯೋಪಿಯಾದ ಲೆಕ್ಕ 30,000. ಇತಿಹಾಸಕಾರ ಇಯಾನ್ ಕ್ಯಾಂಪ್‌ಬೆಲ್ ಅವರ ಅಂದಾಜು ಸುಮಾರು 19,000. 'ಸಿದಿಸ್ತ್ ಕಿಲೊ' ಅನ್ನೋ ವೃತ್ತದಲ್ಲಿ ಇದರ ಸ್ಮಾರಕ ಸ್ತಂಭ ಇದೆ. ಪಕ್ಕದಲ್ಲೇ ವಿಶ್ವವಿದ್ಯಾಲಯ, ಹುಡುಗ ಹುಡುಗಿಯರು ಅದರ ಬುಡದಲ್ಲಿ ಬಸ್ಸಿಗೆ ಕಾಯ್ತಾರೆ. ನಾನು ಒಂದು ಸಂಜೆ ಅಲ್ಲಿ ಹೋಗಿ ನಿಂತಿದ್ದೆ. ಜಲಿಯನ್‌ವಾಲಾ ಬಾಗ್ ನಮ್ಮ ಪ್ರತಿ ಪಠ್ಯಪುಸ್ತಕದಲ್ಲಿದೆ. ಇದರ ಬಗ್ಗೆ ಹದಿನಾರು ವರ್ಷದ ಓದಿನಲ್ಲಿ ಒಂದು ಸಾಲು ಕೂಡ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

1941ರ ಮೇ 5ರಂದು, ಊರು ಬಿದ್ದು ಸರಿಯಾಗಿ ಐದು ವರ್ಷಕ್ಕೆ, ಚಕ್ರವರ್ತಿ ಹೈಲೆ ಸೆಲಾಸಿ ವಾಪಸ್ ಬಂದ. ಮೆನೆಲಿಕ್ ಮತ್ತೆ ಕುದುರೆ ಏರಿದ. ಆದರೆ ಪಿಯಾಸಾ, ಮೆರ್ಕಾತೊ ಅನ್ನೋ ಹೆಸರುಗಳನ್ನ ಜನ ಬಿಡಲಿಲ್ಲ. ಕಾಫಿ ಯಂತ್ರವನ್ನೂ ಬಿಡಲಿಲ್ಲ, ಮಕಿಯಾತೊ ಈಗ ಅಪ್ಪಟ ಅಡಿಸ್ ಪಾನೀಯ. ಶತ್ರುವಿನ ಒಳ್ಳೆ ವಸ್ತು ಇಟ್ಟುಕೊಳ್ಳೋದರಲ್ಲಿ ತಪ್ಪೇನು ಅನ್ನೋ ಧಾಟಿ.

ಕಾಫಿ ಅಂದ ಮೇಲೆ ಸ್ವಲ್ಪ ನಿಲ್ಲಲೇಬೇಕು. ಅದು ಹುಟ್ಟಿದ್ದೇ ಆ ನಾಡಿನ ಕಾಡಿನಲ್ಲಿ. ಅಲ್ಲಿಂದ ಕಡಲು ದಾಟಿ ಯೆಮೆನ್, ಯೆಮೆನ್‌ನಿಂದ ಏಳು ಬೀಜವಾಗಿ ಬಾಬಾಬುಡನ್ ಜೊತೆ ನಮ್ಮ ಚಿಕ್ಕಮಗಳೂರಿನ ಗಿರಿಗೆ ಅಂತ ಐತಿಹ್ಯ. ನಾವು ಫಿಲ್ಟರ್ ಕಾಫಿ ಅಂತ ಎದೆಯುಬ್ಬಿಸೋದರ ತವರು ಮನೆ ಅದು. ಅಲ್ಲಿ ಹಸಿ ಬೀಜವನ್ನ ಎದುರಿಗೇ ಹುರಿದು, ಕುಟ್ಟಿ, 'ಜೆಬೆನಾ' ಅನ್ನೋ ಮಣ್ಣಿನ ಹೂಜಿಯಲ್ಲಿ ಕುದಿಸಿ, ಮೂರು ಸಲ ಬಗ್ಗಿಸಿ ಕೊಡ್ತಾರೆ. ಮೊದಲನೆಯದು ಅಬೊಲ್, ಎರಡನೆಯದು ತೋನಾ, ಮೂರನೆಯದು ಬೆರೆಕಾ, ಅಂದ್ರೆ ಆಶೀರ್ವಾದ. ಮೂರೂ ಕುಡಿಯದೆ ಏಳೋ ಹಾಗಿಲ್ಲ. ಬೆಳೆದ ಕಾಫಿಯಲ್ಲಿ ಸುಮಾರು ಅರ್ಧ ಅವರೇ ಕುಡೀತಾರೆ. ರಫ್ತಿಗೆ ಮಾತ್ರ ಬೆಳೆದು ತಾವು ಇನ್‌ಸ್ಟಂಟ್ ಪುಡಿ ಕುಡಿಯೋ ಪೈಕಿ ಅಲ್ಲ.

ಊಟದ್ದೂ ಹೇಳಿಬಿಡ್ತೀನಿ, ಅಮ್ಮನ ಅವಲಕ್ಕಿ ಬಹುಪಾಲು ಹಾಗೇ ವಾಪಸ್ ಬಂತು. ತೆಫ್ ಅನ್ನೋ ಸಾಸಿವೆಗಿಂತ ಸಣ್ಣ ಕಾಳಿನ ಹಿಟ್ಟು ಹುಳಿ ಬರಿಸಿ ಹುಯ್ಯೋ 'ಇಂಜೆರಾ', ತಟ್ಟೆಯಗಲದ ತೂತು ತೂತು ದೋಸೆ. ಬುಧವಾರ ಶುಕ್ರವಾರ ಚರ್ಚಿನ ಉಪವಾಸ, ಅವತ್ತು ಮಾಂಸ ಮಾತ್ರ ಅಲ್ಲ, ಹಾಲು ತುಪ್ಪವೂ ಇಲ್ಲ. ಬೇಳೆ, ಸೊಪ್ಪು, ಕಡಲೆಹಿಟ್ಟಿನ ಶಿರೊ ಹೋಟೆಲ್ ತುಂಬ. ಒಂದೇ ತಟ್ಟೆಗೆ ನಾಲ್ಕು ಜನ ಕೈಹಾಕಿ ತಿನ್ನೋದು, ನಡುವೆ ಪಕ್ಕದವರ ಬಾಯಿಗೆ ಒಂದು ತುತ್ತು ಇಡೋದು. ಅದಕ್ಕೆ 'ಗುರ್ಶಾ' ಅಂತಾರೆ. ಕೈತುತ್ತಿಗೆ ಬೇರೆ ಭಾಷೆಯಲ್ಲಿ ಒಂದು ಸ್ವಂತ ಪದ ಸಿಕ್ಕಿದ್ದು ನನಗೆ ಭಾರೀ ಖುಷಿ ಕೊಟ್ಟಿತು.

ಭಾಷೆ ಅಂದಾಗ ಲಿಪಿಯ ಮಾತು. ಯೂನಿಕೋಡಿನಲ್ಲಿ ಕನ್ನಡ ಕುಟ್ಟೋ ನಮಗೆ ಇದು ಸಂಬಂಧಪಟ್ಟದ್ದು. ಅವರ 'ಫಿದೆಲ್' ಕೂಡ ನಮ್ಮ ಕಾಗುಣಿತದ ಹಾಗೇ: 33 ಮೂಲಾಕ್ಷರ, ಪ್ರತಿಯೊಂದಕ್ಕೂ ಏಳು ಸ್ವರರೂಪ, ಒಟ್ಟು 231. ಅಂಗಡಿ ಬೋರ್ಡು, ಪೇಪರು, ಬ್ಯಾಂಕ್ ಚೆಕ್ಕು ಎಲ್ಲದರಲ್ಲೂ ಇದೇ ಅಕ್ಷರ. 1941ರಲ್ಲಿ ಬಿಡುಗಡೆಯ ಬೆನ್ನಿಗೇ ಶುರುವಾದ ಪತ್ರಿಕೆಗೆ 'ಅಡಿಸ್ ಜೆಮೆನ್', ಹೊಸ ಯುಗ, ಅಂತ ಹೆಸರಿಟ್ಟರು, ಈಗಲೂ ಬರ್ತಿದೆ. 1999ರಲ್ಲಿ ಯೂನಿಕೋಡ್ 3.0 ಬಂದಾಗ ಈ ಲಿಪಿ ಸೇರಿತು. ನಮಗೆ ವ್ಯಂಜನ ಬೇರೆ, ಸ್ವರಚಿಹ್ನೆ ಬೇರೆ ಕೊಟ್ಟರು, ಅವರಿಗೆ ಕಾಗುಣಿತದ ಒಂದೊಂದು ರೂಪಕ್ಕೂ ಒಂದೊಂದು ಸಂಖ್ಯೆ. ಹಾಗಾಗಿ ಒತ್ತಕ್ಷರ ಒಡೆದು ಚೌಕಟ್ಟು ಕಾಣಿಸೋ ನಮ್ಮ ಹಳೆ ಗೋಳು ಅವರಿಗಿಲ್ಲ. ಹೊಟ್ಟೆಕಿಚ್ಚಾಯ್ತು ಅಂತ ಬೇರೆ ಹೇಳಬೇಕಾಗಿಲ್ಲ.

ಅಂದಹಾಗೆ ಆ ಎತ್ತರದ ನಾಡಿನವರು ತಮ್ಮನ್ನ 'ಹಬೆಶಾ' ಅಂತ ಕರೆದುಕೊಳ್ತಾರೆ. ನಮ್ಮ ಆದಿಲ್‌ಶಾಹಿ ಚರಿತ್ರೆಯ 'ಹಬಶಿ' ಇದೇ ಪದ. ಗೋಲ್‌ಗುಂಬಜ್ ಕಟ್ಟಿಸಿದ ಮೊಹಮ್ಮದ್ ಆದಿಲ್ ಶಾಹನ ಪ್ರಬಲ ಮಂತ್ರಿ ಇಖ್ಲಾಸ್ ಖಾನ್ ಹಬಶಿಯೇ. ದೊರೆಯ ಜೊತೆ ಒಂದೇ ಆನೆ ಮೇಲೆ ಕೂತ ಅವನ ಚಿತ್ರ ಇದೆ. ಬಿಜಾಪುರದ ರಾಜ್ಯಭಾರ ಮಾಡಿದವರ ನಾಡಿನ ಬಗ್ಗೆ "ಕರೆಂಟು ಇರತ್ತೇನೋ" ಅಂತ ಕೇಳೋ ಹಾಗಾಗಿದ್ದೀವಿ.

ಬೆಳಗ್ಗೆ ಹನ್ನೆರಡು ಗಂಟೆಗೆ (ಅಂದ್ರೆ ಆರಕ್ಕೆ, ಈಗ ನಿಮಗೆ ಲೆಕ್ಕ ಗೊತ್ತಲ್ಲ) ಮೆಸ್ಕೆಲ್ ಚೌಕಕ್ಕೆ ಹೋದರೆ ಅರ್ಧಚಂದ್ರಾಕಾರದ ಮೆಟ್ಟಿಲುಗಳ ಮೇಲೆ ಊರೇ ಓಡ್ತಿರುತ್ತೆ. ಶಾಲೆಯ ಹುಡುಗಿಯರು, ಹೊಟ್ಟೆ ಬಂದ ಗುಮಾಸ್ತರು, ಎಲ್ಲ. ಸಮುದ್ರಮಟ್ಟದಿಂದ ಸುಮಾರು 2,300 ಮೀಟರ್ ಎತ್ತರ, ಬೆಂಗಳೂರಿನ ಎರಡೂವರೆ ಪಟ್ಟು. ನಾನು ಎರಡು ಸಾಲು ಮೆಟ್ಟಿಲಿಗೇ ಏದುಸಿರು ಬಿಟ್ಟು ಕೂತೆ. ಈ ಹುಚ್ಚು ಹಿಡಿಸಿದವನು ಅಬೆಬೆ ಬಿಕಿಲಾ. ಚಕ್ರವರ್ತಿಯ ಅಂಗರಕ್ಷಕ ಪಡೆಯ ಸಿಪಾಯಿ, 1960ರ ಸೆಪ್ಟೆಂಬರ್ 10ರ ಸಂಜೆ ರೋಮ್ ಒಲಿಂಪಿಕ್ಸ್‌ನ ಮ್ಯಾರಥಾನ್ ಬರಿಗಾಲಲ್ಲಿ ಓಡಿದ. ಮುಸೊಲಿನಿ 1937ರಲ್ಲಿ ಅಕ್ಸುಮ್‌ನಿಂದ ಹೊತ್ತು ತಂದು ರೋಮ್‌ನಲ್ಲಿ ನಿಲ್ಲಿಸಿದ್ದ 24 ಮೀಟರಿನ ಶಿಲಾಸ್ತಂಭ ದಾರಿಯಲ್ಲೇ ಇತ್ತು, ಗುರಿಗೆ ಹತ್ತಿರ. ಅಲ್ಲಿ ಬರ್ತಿದ್ದ ಹಾಗೇ ವೇಗ ಹೆಚ್ಚಿಸಿ, ಜೊತೆಗಿದ್ದ ಮೊರಾಕೊದ ಓಟಗಾರನನ್ನ ಹಿಂದೆ ಬಿಟ್ಟ. 2 ಗಂಟೆ 15 ನಿಮಿಷ 16 ಸೆಕೆಂಡು, ವಿಶ್ವದಾಖಲೆ. ಆಫ್ರಿಕಾದ ಕಪ್ಪು ಜನರಿಗೆ ಮೊದಲ ಒಲಿಂಪಿಕ್ ಚಿನ್ನ. ಅವತ್ತು ಅವರ ವರ್ಷದ ಕೊನೇ ದಿನ, ಪಾಗುಮೆ 5. ಮಾರನೇ ದಿನ ಯುಗಾದಿ! ಸ್ತಂಭ ಮನೆಗೆ ಮರಳಲು ಮಾತ್ರ 2005ರವರೆಗೆ ಕಾಯಬೇಕಾಯ್ತು, ಎದ್ದು ನಿಂತದ್ದು 2008ರಲ್ಲಿ.

ಇಷ್ಟೆಲ್ಲ ಹೇಳಿ ಹೊಗಳುಭಟ್ಟ ಅನ್ನಿಸಿಕೊಳ್ಳೋ ಆಸೆ ನನಗಿಲ್ಲ. ಈ ಹೆಮ್ಮೆ ಎಲ್ಲರಿಗೂ ಒಂದೇ ಥರ ಇಲ್ಲ. ನನ್ನ ಜೊತೆ ಕೆಲಸ ಮಾಡಿದ ಇಬ್ಬರಲ್ಲಿ ಒಬ್ಬನಿಗೆ ಮೆನೆಲಿಕ್ ರಾಷ್ಟ್ರಪಿತ. ಇನ್ನೊಬ್ಬ ಒರೊಮೊ. "ಇವನು ಅದ್ವಾದಲ್ಲಿ ಗೆದ್ದ, ಸರಿ. ನಮ್ಮ ಅಜ್ಜಂದಿರ ನೆಲವನ್ನೂ ಗೆದ್ದ, ಅದಕ್ಕೆ ಏನಂತೀಯ?" ಅಂದ. ಅವನ ಬಾಯಲ್ಲಿ ಊರಿನ ಹೆಸರು ಅಡಿಸ್ ಅಲ್ಲ, ಫಿನ್‌ಫಿನ್ನೆ, ತಾಯ್ತು ಬರೋದಕ್ಕೆ ಮುಂಚಿನ ಹೆಸರು. ಅವನ ಭಾಷೆಗೆ 1991ರ ನಂತರ ರೋಮನ್ ಲಿಪಿ. 2023ರ ಅದ್ವಾ ದಿನ ಮೆನೆಲಿಕ್ ಪ್ರತಿಮೆಯ ಹತ್ತಿರ ಸೇರಿದ ಜನರ ಮೇಲೆ ಪೊಲೀಸರು ಅಶ್ರುವಾಯು ಸಿಡಿಸಿದ್ದರು. ಅದಕ್ಕೂ ಮುಂಚೆ, 2020ರಿಂದ 2022ರವರೆಗೆ, ಅದ್ವಾ ಇರೋ ತಿಗ್ರಾಯ್‌ನಲ್ಲೇ ಘೋರ ಯುದ್ಧ ನಡೆಯಿತು. ಇಬ್ಬರೂ ಒಂದೇ ತಟ್ಟೆಯಲ್ಲಿ ಊಟ ಮಾಡ್ತಿದ್ದರು, ವಾದವೂ ಅಲ್ಲೇ. ಇದನ್ನ ಕೇಳ್ತಾ ಕೂತಾಗ ನನಗೆ ಬೇರೆ ದೇಶದಲ್ಲಿದ್ದೀನಿ ಅನ್ನಿಸಲೇ ಇಲ್ಲ.

ಈಗ ಊರು ಮತ್ತೆ ಮೈ ಬದಲಿಸ್ತಿದೆ. 2024ರ ಫೆಬ್ರವರಿಯಲ್ಲಿ ಪಿಯಾಸಾದಲ್ಲಿ ಅದ್ವಾ ವಿಜಯ ಸ್ಮಾರಕ ಉದ್ಘಾಟನೆ ಆಯಿತು, ಭವ್ಯ ಕಟ್ಟಡ. ಅದಾದ ಕೆಲವೇ ದಿನಗಳಲ್ಲಿ ರಸ್ತೆ ಅಗಲಿಸಿ ಊರು ಚೆಂದ ಮಾಡೋ ಯೋಜನೆಯಲ್ಲಿ ಪಿಯಾಸಾದ ಹಳೇ ಮನೆ, ಅಂಗಡಿಗಳ ಸಾಲುಸಾಲೇ ನೆಲಕ್ಕೆ ಬಿತ್ತು. ಅಲ್ಲಿದ್ದವರನ್ನ ಊರಾಚೆಯ ಅಪಾರ್ಟ್‌ಮೆಂಟುಗಳಿಗೆ ಸಾಗಿಸಿದರು. ವರ್ಷದ ಕೊನೆಗೆ ಕಜಾಂಚಿಸ್ ಅನ್ನೋ ಇನ್ನೊಂದು ಹಳೇ ಬಡಾವಣೆಯ ಸರದಿ. ಚೆನ್ನಾಗಿ ಕಾಣ್ತಿದೆ ಅನ್ನೋರು ಇದ್ದಾರೆ, ಫುಟ್‌ಪಾತು ನಿಜಕ್ಕೂ ನಮ್ಮವಕ್ಕಿಂತ ಚೆನ್ನಾಗಿದೆ. ನನಗಂತೂ ಸ್ಮಾರಕಕ್ಕಿಂತ ಆ ಬೀದಿಗಳೇ ಬೇಕಿತ್ತು. ಅದ್ವಾಕ್ಕೆ ಹೊರಟ ದಂಡನ್ನ, ಯೆಕಾತಿತ್‌ನ ಬೆಂಕಿಯನ್ನ ಕಂಡ ನೆಲ ಅದು.

ನೀಲಿ ಬಿಳಿ ಬಣ್ಣದ ಮಿನಿ ಬಸ್ಸುಗಳ ಹುಡುಗರು ಬಾಗಿಲಲ್ಲಿ ನೇತಾಡ್ತಾ "ಪಿಯಾಸಾ, ಪಿಯಾಸಾ, ಪಿಯಾಸಾ" ಅಂತ ಈಗಲೂ ಕೂಗ್ತಾರೆ, ನಮ್ಮ "ಮೆಜೆಸ್ಟಿಕ್ ಮೆಜೆಸ್ಟಿಕ್" ಥರವೇ. ಒಂದು ಭಾನುವಾರ ಅಂಥ ಬಸ್ಸಿನಲ್ಲಿ ಪಕ್ಕ ಕೂತಿದ್ದ ಅಜ್ಜ, ಕೋಟು ಟೋಪಿ ಹಾಕಿ ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿದ್ದವರು, ಮನೆ ಕಳೆದುಕೊಂಡು ಊರಾಚೆಗೆ ಹೋದವರು. ನನ್ನ ಗೆಳೆಯ ಅನುವಾದ ಮಾಡಿ ಹೇಳಿದ. ಮಕಿಯಾತೊ ಕುಡಿಯೋದಕ್ಕೆ ಪ್ರತಿ ಭಾನುವಾರ ಪಿಯಾಸಾಕ್ಕೆ ಬರ್ತಾರಂತೆ. ಎಷ್ಟು ದೂರ ಆಗುತ್ತೆ ಅಂತ ಕೇಳಿದೆ. "ಒಂದೂವರೆಗೆ ಮನೆ ಬಿಟ್ಟರೆ ಮೂರು ಗಂಟೆಗೆಲ್ಲ ಇಲ್ಲಿರ್ತೀನಿ" ಅಂದರು.